ಪುಸ್ತಕಗಳಿಗೆ ಕೈಮಾತು ಕೊಟ್ಟ ಪ್ರೇಮಕುಮಾರಿ

ಪೂರ್ವದ ಕಿಟಕಿಯ ಎರಡೂ ಬಾಗಿಲು ತೆರೆದಿಟ್ಟು ಪ್ರೇಮಕುಮಾರಿ ಬೆಳಕಿಗಾಗಿ ಕಾಯುತ್ತಿದ್ದಾರೆ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಹಿಂದಿನ ಬೀದಿಯಲ್ಲಿರುವ ವರ್ತಕರ ವಾಚನಾಲಯಕ್ಕೆ ಇನ್ನೂ ಯಾರೂ ಬಂದಿಲ್ಲ. ಹೊರಗೆ ಕಾಯಿ ತುಂಬಿದ ಲಾರಿಯೊಂದು ಹಿಂದಕ್ಕೆ ಸರಿಯುತ್ತಿದೆ. ಕ್ಲೀನರ್ ಅದರ ಮೈ ತಟ್ಟುತ್ತ ಕೂಗುತ್ತಿದ್ದಾನೆ. ಆ ಗಲಾಟೆಯಿಂದ ಇವರ ಕೆಲಸಕ್ಕೆ ಅಡ್ಡಿಯಿಲ್ಲ. ಇವರು ತೆಗೆಯುವ ವಿಡಿಯೊದಲ್ಲಿ ಸದ್ದೇ ಇರುವುದಿಲ್ಲ. ಬೇಕಾದದ್ದು ಬೆಳಕು, ಅದು ಬೆರಳುಗಳ ಮೇಲೆ ನೆರಳಿಲ್ಲದೆ ಬೀಳಬೇಕು.

ಬಿಸಿಲು ಎದುರು ಗೋಡೆ ಮುಟ್ಟುತ್ತಲೇ ಅವರು ಬಳೆಗಳನ್ನು ಕಳಚಿ ಮೇಜಿನ ಮೇಲಿಡುತ್ತಾರೆ. ಬಳೆ ಹೊಳೆದರೆ ನೋಡುವವರ ಕಣ್ಣು ಬೆರಳು ಬಿಟ್ಟು ಅತ್ತ ಹೋಗುತ್ತದಂತೆ. ಸೀರೆಯ ಮೇಲೊಂದು ಕಡುನೀಲಿ ಅಂಗಿ ತೊಟ್ಟು, ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲ್ ಫೋನಿನ ಮುಂದೆ ನಿಲ್ಲುತ್ತಾರೆ. ಫೋನಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ತಾಯಿ ದೊಡ್ಡತಾಯಮ್ಮ ಕಾಲು ಮಡಚಿ ಕುಳಿತಿದ್ದಾರೆ. ವಯಸ್ಸು ಎಪ್ಪತ್ತರ ಆಸುಪಾಸು. ಹುಟ್ಟಿದಾಗಿನಿಂದ ಅವರಿಗೆ ಕಿವಿ ಕೇಳಿಸದು, ಮಾತು ಬಾರದು. ಅಕ್ಷರವೂ ಬಾರದು. ಆದರೂ ಇಲ್ಲಿ ತಯಾರಾಗುವ ಪ್ರತಿ ವಿಡಿಯೊದ ಮೊದಲ ಓದುಗರು ಅವರೇ.

ಇವತ್ತಿನ ಪುಸ್ತಕ ಹಾವು ಕಡಿದಾಗ ಏನು ಮಾಡಬೇಕೆಂದು ತಿಳಿಸುವ ಚಿಕ್ಕ ಪುಸ್ತಿಕೆ. ಪ್ರೇಮಕುಮಾರಿಯವರ ಬಲಗೈ ಹಾವಾಗಿ ಹರಿದು ಎಡ ಮುಂಗೈಯನ್ನು ಕಚ್ಚುತ್ತದೆ. ಮುಖದಲ್ಲಿ ಗಾಬರಿ. ನಂತರ ಗಾಯದ ಮೇಲೆ ಬಟ್ಟೆ ಬಿಗಿಯುವ ಸನ್ನೆ, ಆಮೇಲೆ ಬೇಡವೆಂದು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ತಾಯಿಯ ಹುಬ್ಬು ಗಂಟಿಕ್ಕುತ್ತದೆ. ಕೈ ಎತ್ತಿ ನಿಲ್ಲಿಸುತ್ತಾರೆ. ತಾಯಿ ಮಗಳ ನಡುವೆ ಬೆರಳುಗಳು ಚಕಚಕನೆ ಓಡಾಡುತ್ತವೆ.

“ಕಟ್ಟು ಬಿಗೀಬೇಡಿ ಅಂತ ಬರ್ದವ್ರೆ ಸಾ. ನಾನು ಮೊದ್ಲು ಬಿಗಿಯೋದು ತೋರ್ಸಿ ಆಮ್ಯಾಕೆ ಬ್ಯಾಡ ಅಂದೆ. ಅಷ್ಟೊತ್ಗೆ ನೋಡ್ದೋನು ಬಿಗ್ದೇಬುಟ್ಟಿರ್ತಾನೆ ಅಂತಾವ್ಳೆ ನಮ್ಮವ್ವ. ಬಿಗಿಯೋ ಕೈ ತೋರ್ಸುವಾಗ್ಲೇ ತಲೆ ಆಡಿಸ್ತಿರ್ಬೇಕಂತೆ” ಎಂದು ಪ್ರೇಮಕುಮಾರಿ ನಗುತ್ತ ವಿವರಿಸುತ್ತಾರೆ. ಮತ್ತೆ ಮೊದಲಿನಿಂದ ಶುರು. ನಾಲ್ಕನೆಯ ಸಲ ತಾಯಿ ತಲೆದೂಗುತ್ತಾರೆ.

ನಲವತ್ತೆರಡರ ಪ್ರೇಮಕುಮಾರಿ ಈ ವಾಚನಾಲಯದ ಅಟೆಂಡರ್. ಕಸ ಗುಡಿಸುವುದು, ಕುಡಿಯುವ ನೀರು ತುಂಬಿಸುವುದು, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುವುದು, ಓದುಗರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ಅವರ ಕೆಲಸ. ಬಾಗಿಲು ತೆರೆಯುವ ಎಂಟೂವರೆಗೆ ಮುಂಚಿನ ಎರಡು ತಾಸನ್ನು ಅವರು ಈ ಇನ್ನೊಂದು ಕೆಲಸಕ್ಕೆ ಕೊಡುತ್ತಾರೆ. ಕನ್ನಡ ಪುಸ್ತಕವನ್ನು ಕೈಮಾತಿಗೆ ತಂದು ವಿಡಿಯೊ ಮಾಡುತ್ತಾರೆ. ಪುಸ್ತಕದ ಒಳರಟ್ಟಿಗೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತದೆ. ಕಿವಿ ಕೇಳಿಸದ ಓದುಗರು ಅದಕ್ಕೆ ತಮ್ಮ ಫೋನು ಹಿಡಿದರೆ ಪ್ರೇಮಕುಮಾರಿ ಪರದೆಯ ಮೇಲೆ ಬಂದು ಆ ಪುಸ್ತಕವನ್ನು ಹೇಳುತ್ತಾರೆ. ಇಂಥ ಅರವತ್ತಕ್ಕೂ ಹೆಚ್ಚು ಪುಸ್ತಕಗಳು ಬಾಗಿಲ ಪಕ್ಕದ ಕಪಾಟಿನಲ್ಲಿವೆ.

ಕಿವಿ ಕೇಳಿಸದಿದ್ದರೇನು, ಕಣ್ಣಿದೆಯಲ್ಲ, ಓದಬಹುದಲ್ಲ? ಈ ಪ್ರಶ್ನೆಯನ್ನು ನಾನೂ ಕೇಳಿದೆ. ಅವರಿಗೆ ಬೇಸರವಾಗಲಿಲ್ಲ. ಎಲ್ಲರೂ ಮೊದಲು ಇದನ್ನೇ ಕೇಳುತ್ತಾರಂತೆ. “ನಾವು ಅಕ್ಷರ ಕಲಿಯೋ ಮುಂಚೆ ಮಾತು ಕಲ್ತಿರ್ತೀವಿ. ‘ಮರ’ ಅನ್ನೋದು ಕಿವೀಲಿರ್ತದೆ, ಆಮ್ಯಾಕೆ ಸ್ಲೇಟಿನ ಮ್ಯಾಗೆ ಬರ್ತದೆ. ನಮ್ಮವ್ವಂಗೆ ಸದ್ದೇ ಇಲ್ಲ. ಬರೀ ಸೊಟ್ಟ ಸೊಟ್ಟ ಗೀಟು ತೋರ್ಸಿ ಇದು ಮರ ಅಂದ್ರೆ ಎಂಗೆ ನಂಬಾಳು? ಒಳ್ಳೆ ಇಸ್ಕೂಲಿಗೆ ಓಗೋರು ಕಲೀತಾರೆ. ಮಂಡೀಲಿ ಕಾಯಿ ಸುಲಿಯೋರು ಎಲ್ಲಿ ಓಗಾರು ಸಾ?”

ಪ್ರೇಮಕುಮಾರಿ ಹುಟ್ಟಿದ್ದು ನುಗ್ಗೇಹಳ್ಳಿ ಸೀಮೆಯ ಒಂದು ಸಣ್ಣ ಊರಿನಲ್ಲಿ. ತಂದೆ ರಾಮಣ್ಣನವರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಮಾತಿರಲಿಲ್ಲ, ಕೈಮಾತಿತ್ತು. ಪ್ರೇಮಕುಮಾರಿ ತೊಟ್ಟಿಲಲ್ಲೇ ಕೈ ಆಡಿಸಿ ಹಾಲು ಕೇಳುತ್ತಿದ್ದರಂತೆ. ಬಾಯಿಮಾತು ಕಲಿತದ್ದು ಪಕ್ಕದ ಮನೆಯವರಿಂದ. ಐದಾರು ವರ್ಷ ತುಂಬುವ ಹೊತ್ತಿಗೆ ಹಾಲಿನ ಡೈರಿ, ಅಂಗಡಿ, ಪಂಚಾಯಿತಿ, ಎಲ್ಲೆಡೆ ಅಪ್ಪ ಅಮ್ಮನ ಕಿವಿಯೂ ಬಾಯಿಯೂ ಅವರೇ ಆಗಿದ್ದರು.

ರಾಮಣ್ಣನವರ ಕಾಲಿಗೆ ಗಾಯವಾಗಿ ಕೊಳೆಯತೊಡಗಿದಾಗ ಅವರನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಲು ತೆಗೆಯದಿದ್ದರೆ ಜೀವ ಉಳಿಯದೆಂದು ವೈದ್ಯರು ಹೇಳಿದರು. ಅದನ್ನು ಅಪ್ಪನಿಗೆ ತಿಳಿಸಬೇಕಾದವಳು ಐದನೇ ಕ್ಲಾಸಿನ ಮಗಳು. “ಡಾಕ್ಟ್ರು ನನ್ನ ಸ್ಟೂಲಿನ ಮ್ಯಾಗೆ ಕೂರ್ಸಿ, ಯೋಳವ್ವಾ ಅಂದ್ರು. ನಾನು ಯೋಳ್ದೆ. ಮಂಡಿಯಿಂದ ಮ್ಯಾಕೋ ಕೆಳಗೋ ಅಂತ ಅಪ್ಪ ಕೇಳ್ತು. ಮ್ಯಾಕೆ ಅಂದೆ. ಅದಾದ್ಮ್ಯಾಕೆ, ನೀನು ಊಟ ಮಾಡ್ದಾ ಅಂತ ಕೇಳ್ತು” ಎನ್ನುತ್ತಾರೆ.

ಇಂಥ ದೊಡ್ಡ ಸಂಗತಿಗಳನ್ನು ಮುಚ್ಚಿಡುವಂತಿರಲಿಲ್ಲ. ಆದರೆ ದಿನನಿತ್ಯದ ಸಣ್ಣ ಸಂಗತಿಗಳನ್ನು ಆ ಹುಡುಗಿ ಸೋಸುತ್ತಿದ್ದಳು. ಅಂಗಡಿಯವನು “ಆ ಮೂಗಿಗೆ ಆಚೆ ನಿಲ್ಲು ಅಂತ ಹೇಳು” ಎಂದರೆ, “ಒಂದು ನಿಮಿಷ ಇರಬೇಕಂತೆ” ಎಂದು ಅಮ್ಮನಿಗೆ ಸನ್ನೆ ಮಾಡುತ್ತಿದ್ದಳು. ಮದುವೆಮನೆಯಲ್ಲಿ ಯಾರಾದರೂ ಅಪ್ಪನನ್ನು ಅಣಕಿಸಿದರೆ, “ಚೆನ್ನಾಗಿದ್ದೀರಾ ಅಂತ ಕೇಳ್ತಿದ್ದಾರೆ” ಎನ್ನುತ್ತಿದ್ದಳು. ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಗಳ ಮನೆಗೆ ಬಂದರು. ಅಳಿಯ ಗೂಡ್ಸ್ ಆಟೊ ಓಡಿಸುತ್ತಾರೆ. ಅವರೂ ಈಗ ಅತ್ತೆಯ ಜೊತೆ ಕೈಮಾತಿನಲ್ಲೇ ಜಗಳವಾಡುವಷ್ಟು ಕಲಿತಿದ್ದಾರೆ.

ವಾಚನಾಲಯದಲ್ಲಿ ಈ ಕೆಲಸ ಶುರುವಾದದ್ದು ನಂಜಯ್ಯ ಎಂಬವರಿಂದ. ಅವರು ಮಂಡಿಯಲ್ಲಿ ಕಾಯಿ ಸುಲಿಯುತ್ತಾರೆ. ಅವರಿಗೂ ಕಿವಿ ಕೇಳಿಸದು. ಒಂದು ಮಧ್ಯಾಹ್ನ ಲಾರಿ ಬರುವುದು ತಡವಾಯಿತೆಂದು ವಾಚನಾಲಯದೊಳಗೆ ಬಂದು ಪತ್ರಿಕೆಯ ಚಿತ್ರ ನೋಡುತ್ತ ನಿಂತಿದ್ದರು. ಇದೇನು ಎಂದು ಯಾರನ್ನೋ ಸನ್ನೆ ಮಾಡಿ ಕೇಳಿದರು. ಆ ವ್ಯಕ್ತಿ ಮುಖ ತಿರುಗಿಸಿದರು. ನೆಲ ಒರೆಸುತ್ತಿದ್ದ ಪ್ರೇಮಕುಮಾರಿ ಎದ್ದು ಬಂದು ಆ ಸುದ್ದಿಯನ್ನು ಕೈಮಾತಿನಲ್ಲಿ ಹೇಳಿದರು. ನಂಜಯ್ಯ ಅವರನ್ನೇ ಒಂದು ಗಳಿಗೆ ನೋಡಿದರಂತೆ. ಮಾರನೆಯ ದಿನ ಒಂದು ಪುಸ್ತಕ ಹಿಡಿದುಕೊಂಡು ಬಂದರು. ಅದು ಮೂರನೇ ತರಗತಿಯ ಮಗಳ ಕನ್ನಡ ಪಾಠಪುಸ್ತಕ.

“ಮಗು ದಿನಾ ಸಂಜೆ ಇದ್ನ ಇಟ್ಕೊಂಡು ಬಾಯಿ ಆಡಿಸ್ತದೆ. ನಗ್ತದೆ. ಒಂದ್ಸಲ ಕಣ್ಣಾಗೆ ನೀರು ಹಾಕ್ತು. ಇದ್ರಲ್ಲಿ ಏನೈತೆ ಅಂತ ನಂಗೆ ಗೊತ್ತಾಗ್ಬೇಕು” ಎಂದು ನಂಜಯ್ಯ ಕೈಯಲ್ಲಿ ಆಡಿದ್ದನ್ನು ಪ್ರೇಮಕುಮಾರಿ ನನಗೆ ಬಾಯಲ್ಲಿ ಹೇಳುತ್ತಾರೆ.

ಅವತ್ತು ಒಂದು ಪಾಠ ಹೇಳಿದರು, ಮರುದಿನ ಇನ್ನೊಂದು. ನಂಜಯ್ಯ ತಮ್ಮಂಥ ಮೂವರನ್ನು ಕರೆತಂದರು. ಆಮೇಲೆ ಅಮಾನಿಕೆರೆ ಕಡೆಯಿಂದ ಒಬ್ಬ ಟೈಲರ್, ನುಗ್ಗೇಹಳ್ಳಿಯಿಂದ ಇಬ್ಬರು ಅಕ್ಕತಂಗಿಯರು ಬಂದರು. ಕಸ ಗುಡಿಸುವ ಹೊತ್ತಿನಲ್ಲೂ ಯಾರಾದರೂ ಬಂದು ಭುಜ ಮುಟ್ಟುತ್ತಿದ್ದರು. ಒಂದೇ ಕಥೆಯನ್ನು ದಿನಕ್ಕೆ ನಾಲ್ಕು ಸಲ ಹೇಳಬೇಕಾಗುತ್ತಿತ್ತು. ಇದನ್ನು ಗಮನಿಸಿದವರು ಗ್ರಂಥಪಾಲಕ ವಿಶ್ವಾಸ್. ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣ. “ಅಕ್ಕ, ಒಂದ್ಸಲ ಫೋನಲ್ಲಿ ಹಿಡಿದಿಟ್ಟರೆ ಅವರು ಬೇಕಾದಾಗ ನೋಡ್ಕೋತಾರಲ್ಲ” ಎಂದರು. ಕೋಡ್ ತಯಾರಿಸುವುದು, ವಿಡಿಯೊಗಳನ್ನು ಜೋಡಿಸಿಡುವುದು, ಲೇಖಕರಿಗೂ ಪ್ರಕಾಶಕರಿಗೂ ಬರೆದು ಅನುಮತಿ ಕೇಳುವುದು ಇವತ್ತಿಗೂ ಅವರದೇ ಕೆಲಸ.

ಮೊದಲ ವಿಡಿಯೊ ಯಾರಿಗೂ ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಇದ್ದಂತೆಯೇ ಪದದ ಹಿಂದೆ ಪದ ಇಟ್ಟು ಪ್ರೇಮಕುಮಾರಿ ಕೈ ಆಡಿಸಿದ್ದರು. ನಂಜಯ್ಯ ನೋಡಿ ಫೋನು ವಾಪಸು ಕೊಟ್ಟರು. ಮನೆಯಲ್ಲಿ ಅಮ್ಮನಿಗೆ ತೋರಿಸಿದಾಗ ಅವರು ಮುಖ ಕಿವುಚಿ, “ಇದು ಬಾಯಿಮಾತು. ನೀನು ಅದಕ್ಕೆ ಕೈ ಹಚ್ಚಿದ್ದೀಯ ಅಷ್ಟೆ” ಎಂದರಂತೆ. ಕೈಮಾತಿನಲ್ಲಿ ಮೊದಲು ಜಾಗ ಬರಬೇಕು, ಆಮೇಲೆ ಅಲ್ಲಿರುವವರು, ಆಮೇಲೆ ಅವರು ಮಾಡಿದ್ದು. ಹುಬ್ಬು, ತುಟಿ, ಹೆಗಲು ಎಲ್ಲವೂ ಅದರ ವ್ಯಾಕರಣದ ಭಾಗ. ಕೈಮಾತಿನ ನಡುವೆಯೇ ಬೆಳೆದರೂ, ಅಮ್ಮನ ಎದುರು ತಾನೇ ತಾನಾಗಿ ಬರುತ್ತಿದ್ದದ್ದು ಪುಸ್ತಕ ಹಿಡಿದಾಗ ಮರೆತೇಹೋಗಿತ್ತು.

ಅವರು ರಜೆ ಹಾಕಿ ಹಾಸನದಲ್ಲಿ ನಡೆದ ಸಂಜ್ಞಾ ಭಾಷೆಯ ತರಬೇತಿಗೆ ದಿನವೂ ಬಸ್ಸಿನಲ್ಲಿ ಹೋಗಿಬಂದರು. ಅಲ್ಲಿ ಕಲಿತ ಸನ್ನೆಗಳೂ ಅಮ್ಮ ಊರಿನಲ್ಲಿ ಬಳಸುವ ಸನ್ನೆಗಳೂ ಬೇರೆ ಬೇರೆ. ಅಲ್ಲಿ ‘ವಿಮಾನ ನಿಲ್ದಾಣ’ಕ್ಕೆ ಸನ್ನೆಯಿತ್ತು, ‘ಕೊಬ್ಬರಿ’ಗೆ ಇರಲಿಲ್ಲ. ಮಂಡಿಯವರನ್ನು ಕೂರಿಸಿಕೊಂಡು, ಯಾವ ಸನ್ನೆ ಎಲ್ಲರಿಗೂ ತಿಳಿಯುತ್ತದೆ ಎಂದು ಕೇಳಿ ಒಂದೊಂದನ್ನೇ ಗೊತ್ತುಮಾಡಿಕೊಂಡರು. ಅಲ್ಲಿಂದ ಮುಂದೆ ಅಮ್ಮನಿಗೆ ಅರ್ಥವಾಗದ ಯಾವ ವಿಡಿಯೊವೂ ಕಪಾಟಿಗೆ ಹೋಗಿಲ್ಲ.

ಓದುಗರು ಹೆಚ್ಚಿದಂತೆ ದೂರುಗಳೂ ಬಂದವು. ಕಿವಿ ಕೇಳಿಸದವರು ನಗುವಾಗ, ಬೆರಗಾದಾಗ ಗಂಟಲಿನಿಂದ ಸದ್ದು ಬರುತ್ತದೆ. ಅದು ಅವರಿಗೆ ತಿಳಿಯುವುದಿಲ್ಲ. ಪರೀಕ್ಷೆಗೆ ಓದಲು ಬರುವವರಿಗೆ ಅದರಿಂದ ಕಿರಿಕಿರಿ. ಕಳೆದ ವರ್ಷ ವಾರ್ಷಿಕ ಸಭೆಯ ಹೊತ್ತಿಗೆ ಕಪಾಟಿನ ಬಳಿ ಅವರು ಕೂರುವ ಕೈಮಾತಿನ ಮೂಲೆಯನ್ನು ತೆಗೆದು, ಆ ಜಾಗದಲ್ಲಿ ಪರೀಕ್ಷಾರ್ಥಿಗಳಿಗೆ ಮೇಜು ಹಾಕಬೇಕೆಂಬ ತೀರ್ಮಾನ ಹೆಚ್ಚುಕಡಿಮೆ ಆಗಿಹೋಗಿತ್ತು. ಸುದ್ದಿ ತಿಳಿದ ನಂಜಯ್ಯ ಸಭೆಗೆ ಇಪ್ಪತ್ತು ಇಪ್ಪತ್ತೈದು ಜನರನ್ನು ಕರೆದುಕೊಂಡು ಬಂದರು. ಎಲ್ಲರೂ ಚಂದಾ ಕಟ್ಟಿದ ಸದಸ್ಯರು. ಹಿಂದಿನ ಗೋಡೆಗೆ ಒರಗಿ ನಿಂತರು. ಸಭೆಯಲ್ಲಿ ಆಡಿದ್ದನ್ನು ಅವರಿಗೆ ತಿಳಿಸಲು ಪ್ರೇಮಕುಮಾರಿ ಮುಂದೆ ನಿಲ್ಲಬೇಕಾಯಿತು. ಅಲ್ಲಿಯವರೆಗೆ ಅವರು ಆ ಸಭೆಗಳಲ್ಲಿ ಟೀ ಕೊಡಲು ಮಾತ್ರ ಮುಂದೆ ಹೋದವರು.

ವಾಚನಾಲಯದ ಅಧ್ಯಕ್ಷರು ತೆಂಗಿನ ವರ್ತಕ ಈಶ್ವರಯ್ಯ. ಅವರು ಎದ್ದು, “ಇದು ಓದೋ ಜಾಗ. ಮೂಗರ ಆಟ ನೋಡೋಕೆ ಯಾರೂ ಬರಲ್ಲ. ಅವ್ರಿಗೆ ಟಿ.ವಿ. ಐತೆ, ಮೊಬೈಲ್ ಐತೆ. ಪುಸ್ತಕದ ಮನೇಲಿ ಅವ್ರಿಗೇನು ಕೆಲಸ?” ಎಂದರು. ನಂತರ ಪ್ರೇಮಕುಮಾರಿಯ ಕಡೆ ತಿರುಗಿ ಸ್ವರ ತಗ್ಗಿಸಿ, “ಅದ್ನೆಲ್ಲ ಹೇಳೋಕೆ ಹೋಗ್ಬೇಡಮ್ಮ. ಜಾಗ ಸಾಲ್ದು ಅಂತ ಹೇಳ್ಬುಡು” ಎಂದರು.

ಪ್ರೇಮಕುಮಾರಿಯವರ ಕೈ ಮೇಲೆದ್ದದ್ದು ಹಾಗೆಯೇ ನಿಂತಿತು. ‘ಜಾಗ ಸಾಲದು’ ಎನ್ನುವುದು ಅವರಿಗೆ ಎರಡು ಬೆರಳಿನ ಕೆಲಸ. ಇಡೀ ಬಾಲ್ಯ ಅವರು ಮಾಡಿದ್ದು ಅದನ್ನೇ. ಹಿಂದೆ ನಿಂತಿದ್ದವರೆಲ್ಲ ಅವರ ಕೈಯನ್ನೇ ನೋಡುತ್ತಿದ್ದರು.

“ಯೋಳ್ತೀನಿ ಸಾ. ನೀವು ಏನೇನಂದ್ರೋ ಅಷ್ಟೂನೂ ಯೋಳ್ತೀನಿ” ಎಂದರು.

ಹಾಗೆಯೇ ಹೇಳಿದರು. ಮೂಗರು ಎಂಬುದಕ್ಕೆ ಊರಿನಲ್ಲಿರುವ ಆ ಸನ್ನೆಯನ್ನೂ ಬಿಡಲಿಲ್ಲ. “ಕೆಲ್ಸ ಓಯ್ತು ಅಂದ್ಕೊಂಡೆ ಸಾ. ಆದ್ರೆ ಅವ್ರ ಬಗ್ಗೆ ಆಡಿದ್ ಮಾತು ಅವ್ರಿಗೆ ಸೇರ್ಬೇಕು ಅಲ್ವಾ? ಅದ್ನ ಇಟ್ಕೊಳ್ಳಾಕೆ ನಾನ್ಯಾರು?”

ಉತ್ತರಿಸಲು ನಂಜಯ್ಯ ಮುಂದೆ ಬಂದರು. ಅವರ ಕೈ ಆಡಿದ ಹಾಗೆ ಪ್ರೇಮಕುಮಾರಿ ಬಾಯಲ್ಲಿ ಹೇಳುತ್ತ ಹೋದರು. “ನನ್ನ ಮಗಳ ಪುಸ್ತಕದಾಗೆ ಇರೋ ಕಥೆಗಳ್ನ ಇಲ್ಲಿ ಬಂದು ಕಲ್ತೆ. ಈಗ ಅವಳ ಜೊತೆ ನಾನೂ ನಗ್ತೀನಿ. ಒಂದು ಕಥೆ ನಿಮ್ಗೂ ಯೋಳ್ತೀನಿ. ಅರ್ಥ ಆಗ್ದಿದ್ರೆ ಮೂಲೆ ತೆಗ್ದುಬುಡಿ.” ನಂತರ ಅವರು ಪ್ರೇಮಕುಮಾರಿಗೆ ಕೂರಲು ಸನ್ನೆ ಮಾಡಿದರು. ಖಾಲಿ ಇದ್ದದ್ದು ಮುಂದಿನ ಸಾಲಿನ ಕುರ್ಚಿ. ಅವರು ಅಲ್ಲೇ ಕುಳಿತರು.

ಬಾವಿಗೆ ಬಿದ್ದ ಕೊಡವೊಂದನ್ನು ಮೇಲೆತ್ತಲು ಊರವರು ಒಬ್ಬೊಬ್ಬರಾಗಿ ಬರುವ ಕಥೆ ಅದು. ಬಗ್ಗಿದ ಪ್ರತಿಯೊಬ್ಬರೂ ತಮ್ಮದೊಂದು ವಸ್ತುವನ್ನು ಬಾವಿಗೆ ಬೀಳಿಸಿಕೊಳ್ಳುತ್ತಾರೆ. ನಂಜಯ್ಯ ಮುದುಕನಾದರು, ಪೇಟ ಕಳೆದುಕೊಂಡರು. ಪೊಲೀಸನಾದರು, ಲಾಠಿ ಬೀಳಿಸಿದರು. ಬಾಯಿಮಾತಿಲ್ಲದ ಆ ಕಥೆಗೆ ಸಭೆ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ನಕ್ಕಿತು. ಮೇಷ್ಟರ ಸರದಿ ಬಂದು ಕನ್ನಡಕ ಜಾರತೊಡಗಿದಾಗ, ಈಶ್ವರಯ್ಯನವರ ಕೈ ತಾನಾಗಿ ಅವರ ಕನ್ನಡಕ ಹಿಡಿದುಕೊಂಡಿತು. ಅದನ್ನು ಎಲ್ಲರೂ ನೋಡಿದರು. ಕಡೆಗೆ ಅವರೂ ನಕ್ಕರು.

ಮೂಲೆ ಉಳಿಯಿತು. ಪರೀಕ್ಷಾರ್ಥಿಗಳ ಮೇಜುಗಳು ಮಹಡಿಗೆ ಹೋದವು. ವಿಡಿಯೊ ಕೆಲಸವನ್ನು ಬಾಗಿಲು ತೆರೆಯುವ ಮುಂಚೆ ಮುಗಿಸಬೇಕು, ಅದಕ್ಕೆ ಬೇರೆ ಸಂಬಳ ಇಲ್ಲ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಷರತ್ತು ಇವತ್ತಿಗೂ ಹಾಗೆಯೇ ಇದೆ. ಈಶ್ವರಯ್ಯನವರನ್ನು ಅವರ ಮಂಡಿಯಲ್ಲಿ ಭೇಟಿಯಾದಾಗ ಅವರು ಮುಚ್ಚುಮರೆ ಮಾಡಲಿಲ್ಲ. “ನಾನಾಡಿದ್ದು ಅವ್ರಿಗೆ ತಲುಪ್ತದೆ ಅಂತ ಎಣಿಸಿರ್ಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಆಡ್ಬುಟ್ಟೆ” ಎಂದರು. ಕಿವಿ ಕೇಳಿಸದವರು ತಮ್ಮ ನಡುವೆ ಎಲ್ಲರಿಗೂ ಒಂದೊಂದು ಸನ್ನೆಯ ಹೆಸರಿಡುತ್ತಾರೆ. ಮೂಗಿನ ಮೇಲಿನ ಕನ್ನಡಕ ಹಿಡಿದುಕೊಳ್ಳುವುದೇ ಈಗ ಈಶ್ವರಯ್ಯನವರ ಹೆಸರು. ಅದು ಅವರಿಗೂ ಗೊತ್ತು.

ಸಭೆ ಮುಗಿಸಿ ಮನೆಗೆ ಹೋದ ಪ್ರೇಮಕುಮಾರಿ ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದರು. ಚಿಕ್ಕಂದಿನಲ್ಲಿ ಅಂಗಡಿಯವನ ಮಾತನ್ನು ತಿರುಚಿ ಹೇಳುತ್ತಿದ್ದದ್ದನ್ನೂ ಹೇಳಿದರು. ದೊಡ್ಡತಾಯಮ್ಮ ಅನ್ನಕ್ಕೆ ಸಾರು ಬಡಿಸುತ್ತ ಒಂದು ಕೈಯಲ್ಲಿ ಉತ್ತರಿಸಿದರು: “ಅವನ ಮುಖ ನಂಗೆ ಕಾಣ್ತಿರ್ಲಿಲ್ವಾ? ನೀನು ಎಲ್ಲಿ ನೊಂದ್ಕೋತೀಯೋ ಅಂತ ಸುಮ್ನಿದ್ದೆ.”

ಒಂದು ಚಿಕ್ಕ ಪುಸ್ತಕಕ್ಕೆ ಮೂರು ಬೆಳಗು ಬೇಕು, ದೊಡ್ಡದಾದರೆ ತಿಂಗಳು. ಮೋಡವಿದ್ದರೆ ಕೆಲಸ ನಿಲ್ಲುತ್ತದೆ. ಬಲ ಮಣಿಕಟ್ಟು ಆಗಾಗ ಊದಿಕೊಳ್ಳುತ್ತದೆ. ವಿಶ್ರಾಂತಿ ಕೊಡಿ ಎಂದು ವೈದ್ಯರು ಹೇಳಿದ್ದಾರೆ. ಪೊರಕೆ ಹಿಡಿಯುವುದೂ ಅದೇ ಕೈ. ಆದರೂ ಕೆಲಸ ನಿಂತಿಲ್ಲ. ಅರಕಲಗೂಡು ಮತ್ತು ಕಟ್ಟಾಯದ ಕಡೆಯ ಕೆಲವು ಹಳ್ಳಿಗಳ ವಾಚನಾಲಯಗಳು ವಿಶ್ವಾಸ್ ಅವರಿಂದ ಕೋಡ್ ತರಿಸಿಕೊಂಡು ತಮ್ಮಲ್ಲಿರುವ ಪುಸ್ತಕಗಳಿಗೆ ಅಂಟಿಸಿಕೊಂಡಿವೆ. ಆ ಊರುಗಳಿಗೆ ಪ್ರೇಮಕುಮಾರಿ ಹೋಗಿಲ್ಲ. ಅಲ್ಲಿಂದ ಬಸ್ಸಿನಲ್ಲಿ ಬಂದ ಅಪರಿಚಿತರೊಬ್ಬರು ಮೊನ್ನೆ ಮಂಡಿ ಬೀದಿಯಲ್ಲಿ ಅವರನ್ನು ಗುರುತು ಹಿಡಿದು, ಹಾಲು ಕೊಡದ ಎಮ್ಮೆಯ ಕಥೆಯ ಮುಂದಿನ ಭಾಗ ಯಾವಾಗ ಎಂದು ನಡುರಸ್ತೆಯಲ್ಲೇ ಕೇಳಿದರಂತೆ.

ಈಗ ವಾರಕ್ಕೆರಡು ಬೆಳಗು ಹೊಳೆನರಸೀಪುರದಿಂದ ದೀಪಶ್ರೀ ಬರುತ್ತಾರೆ. ಹುಟ್ಟಿನಿಂದ ಕಿವಿ ಕೇಳಿಸದ ಇಪ್ಪತ್ತಮೂರರ ಯುವತಿ. ಕಿವಿ ಕೇಳಿಸದವರ ಶಾಲೆಯಲ್ಲಿ ಓದಿದ್ದರಿಂದ ಕನ್ನಡವನ್ನು ಸಲೀಸಾಗಿ ಓದುತ್ತಾರೆ. ನಾನಿದ್ದಾಗ ಅವರು ಒಂದು ಮಕ್ಕಳ ಕಥೆಯನ್ನು ಕ್ಯಾಮೆರಾಕ್ಕೆ ಹೇಳಿದರು. ಮರದಿಂದ ಮರಕ್ಕೆ ಹಾರುವ ಅಳಿಲು ಅವರ ಬೆರಳಿನಲ್ಲಿ ನಿಜವಾಗಿ ಹಾರಿತು. ದೊಡ್ಡತಾಯಮ್ಮ ಒಂದು ಸಲವೂ ಕೈ ಎತ್ತಿ ನಿಲ್ಲಿಸಲಿಲ್ಲ. ಫೋನಿನ ಹಿಂದೆ ನಿಂತಿದ್ದ ಪ್ರೇಮಕುಮಾರಿ ಅಮ್ಮನ ಮುಖವನ್ನೇ ನೋಡುತ್ತಿದ್ದರು.

“ನನ್ಗಿಂತ ಚೆಂದ ಯೋಳ್ತಾಳೆ. ಅದು ಅವ್ರ ಭಾಷೆ ಕಣ ಸಾ, ನಾನು ಅವ್ರ ಮನೇಲಿ ಉಟ್ಟಿದ್ರಿಂದ ಕಲ್ತೋಳು. ಇನ್ನೊಂದೆರಡು ವರ್ಷಕ್ಕೆ ಇವ್ಳೇ ಎಲ್ಲಾ ಮಾಡ್ತಾಳೆ, ಇವ್ಳಿಗೆ ಸಂಬಳ ಹಾಕ್ಸಬೇಕು ಅಂತ ಕಮಿಟಿಯೋರ ಹಿಂದೆ ಬಿದ್ದಿವ್ನಿ. ಬಿಡಾಕಿಲ್ಲ.”

ಎಂಟೂವರೆಯಾಗುತ್ತದೆ. ವಿಶ್ವಾಸ್ ಬಂದು ಬಾಗಿಲ ಚಿಲಕ ತೆಗೆಯುತ್ತಾರೆ. ಮಂಡಿಯ ಇಬ್ಬರು ಕೆಲಸಗಾರರು ಒಳಗೆ ಬಂದು ನೇರ ಕಪಾಟಿಗೆ ಹೋಗಿ ಒಂದು ಪುಸ್ತಕ ತೆಗೆದುಕೊಂಡು, ಫೋನು ಹಿಡಿದು ಕೂರುತ್ತಾರೆ. ಪ್ರೇಮಕುಮಾರಿ ಬಳೆ ತೊಟ್ಟುಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ಕೇಳಿದ್ದಕ್ಕೆ ಅವರು ಆ ಇಬ್ಬರ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳುತ್ತಾರೆ:

“ಮೊದ್ಲೆಲ್ಲ ಬಂದೋರು ಬಂದಂಗೆ ನನ್ನ ಭುಜ ಮುಟ್ಟೋರು. ಈಗ ನೋಡಿ, ಅವ್ರ ಪಾಡಿಗೆ ಅವ್ರು ಕುಂತವ್ರೆ. ಬೆಳಗಿಂದ ಸಂಜೆಗಂಟ ಒಬ್ರೂ ನನ್ನ ಕರೀದೆ ಇರೋ ಅಂಥ ದಿನ ಬರ್ಬೇಕು ಸಾ. ಅವತ್ತು ನಾನೂ ಒಂದು ಪುಸ್ತಕ ಇಟ್ಕೊಂಡು ಅವ್ರ ಪಕ್ಕ ಕೂರ್ತೀನಿ.”